ದೇವತೆಗಳ ಪಾಲಿಗೆ ಮಾವನವರ ತಕರಾರು

ಅಮೆರಿಕಕ್ಕೆ ಬಂದಿಳಿದ ಅತ್ತೆ ಮಾವಂದಿರಿಗೆ ಏನೇನು ತೋರಿಸಬೇಕು ಎಂಬುದಕ್ಕೆ ಎಲ್ಲೂ ಬರೆದಿಡದ ಒಂದು ಪಟ್ಟಿಯಿದೆ. ನಯಾಗರಾ, ಪಂಜು ಹಿಡಿದು ನಿಂತ ಆ ನ್ಯೂಯಾರ್ಕಿನ ಹೆಂಗಸು, ಕಾಸ್ಟ್‌ಕೊ. ಆಮೇಲೆ ನೀವಿರುವ ಊರಿನ ದೇವಸ್ಥಾನ. ನಾವಿರುವ ನ್ಯಾಶ್‌ವಿಲ್‌ನಲ್ಲಿ ಗಣೇಶನ ಗುಡಿಯೂ ಇದೆ, ಗ್ರೀಸ್ ದೇಶದ ಪಾರ್ಥೆನಾನ್‌ನ ಪೂರ್ಣ ಅಳತೆಯ ನಕಲೂ ಇದೆ. ಅದರೊಳಗೆ ನಿಂತಿರುವ ಸುಮಾರು 42 ಅಡಿಯ ಅಥೇನಾಳನ್ನು ನೋಡಿ ಅತ್ತೆ, "ಇಷ್ಟು ದೊಡ್ಡ ದೇವಿಗೆ ಒಂದು ಮಂಗಳಾರತಿಯೂ ಇಲ್ವಲ್ಲೇ" ಎಂದು ಮರುಗಿದರು. ಅಲ್ಲಿಗೆ ಊರು ಮುಗಿಯಿತು. ವೀಸಾ ಮಾತ್ರ ಧಾರಾಳವಾಗಿ ಉಳಿದಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಮಾವನವರು, "ಇಲ್ಲೇ ಎಲ್ಲೋ ಜ್ಯಾಕ್ ಡೇನಿಯಲ್ಸ್ ಡಿಸ್ಟಿಲರಿ ಇದೆಯಂತಲ್ಲ, ಅಳಿಯಂದಿರೇ?" ಎಂದರು. ಕಾಫಿ ಗಂಟಲಲ್ಲೇ ನಿಂತಿತು. ಮಾವ ಕುಡಿಯುವವರಲ್ಲ. ಕುಡಿಯುವವರಾಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಅವರು ಅಬಕಾರಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಬದುಕಿನುದ್ದಕ್ಕೂ ಮದ್ಯವನ್ನು ಅಳೆದು, ಮೂಸಿ, ಸೀಲು ಹಾಕಿ, ಒಂದು ಹನಿಯೂ ನಾಲಿಗೆಗೆ ಸೋಕಿಸದೆ ಪಿಂಚಣಿಗೆ ಬಂದವರು. ಇತ್ತ, ಹೆಣ್ಣು ನೋಡುವ ಶಾಸ್ತ್ರದ ದಿನ ನಮ್ಮ ದೊಡ್ಡಪ್ಪ "ಹುಡುಗನಿಗೆ ಯಾವ ಅಭ್ಯಾಸವೂ ಇಲ್ಲ" ಎಂದು ಹೊರಡಿಸಿದ ಹೇಳಿಕೆಯನ್ನು ಇವತ್ತಿನವರೆಗೂ ಯಾರೂ ತಿದ್ದುಪಡಿ ಮಾಡಿಲ್ಲ. ಅತ್ತೆ ಮಾವನ ವಿಮಾನ ಇಳಿಯುವ ಮುನ್ನವೇ ನಮ್ಮ ಮನೆಯ ಕೆಲವು ಬಾಟಲಿಗಳು ಪಕ್ಕದ ಮನೆಗೆ ವಲಸೆ ಹೋಗುತ್ತವೆ.

ಆ ಕಾರ್ಖಾನೆಯಲ್ಲಿ ರುಚಿ ತೋರಿಸುವ ಟೂರೂ ಉಂಟು, ಬರೀ ಸುತ್ತಿಸಿ ಕಳಿಸುವ ಒಣ ಟೂರೂ ಉಂಟು. ಹೆಂಡತಿಯ ಮುಖ ನೋಡಿದೆ. ಒಣ ಟೂರಿಗೇ ದುಡ್ಡು ಕಟ್ಟಿದೆ.

ಕಾರ್ಖಾನೆಯ ಊರಾದ ಲಿಂಚ್‌ಬರ್ಗ್ ಇರುವುದು ನ್ಯಾಶ್‌ವಿಲ್‌ನಿಂದ ದಕ್ಷಿಣಕ್ಕೆ ಒಂದೂವರೆ ಗಂಟೆಯ ದಾರಿ. ಊರೆಂದರೆ ಒಂದು ಚೌಕ, ಚೌಕದ ನಡುವೆ ಕೋರ್ಟು, ಸುತ್ತ ಕಪ್ಪು ಟೀ ಶರ್ಟು ಮಾರುವ ಅಂಗಡಿಗಳು. ಇಡೀ ಪ್ರಪಂಚಕ್ಕೆ ಕುಡಿಸುವ ಈ ಊರು ಸೇರಿರುವ ಮೂರ್ ಕೌಂಟಿ ಪಾನನಿಷೇಧದ ಕೌಂಟಿ! ಅಮೆರಿಕಕ್ಕೆಲ್ಲ ನಿಷೇಧ ಬಂದದ್ದು 1920ರಲ್ಲಿ. ನಮ್ಮ ಟೆನೆಸಿ ರಾಜ್ಯ ಅದಕ್ಕೆ ಹತ್ತು ವರ್ಷ ಮೊದಲೇ ಬಟ್ಟಿಗಳ ಬೆಂಕಿ ಆರಿಸಿತ್ತು. 1933ರಲ್ಲಿ ದೇಶ ಮತ್ತೆ ಗಂಟಲು ಹಸಿ ಮಾಡಿಕೊಂಡರೂ ಈ ಕೌಂಟಿ ಒಣಗಿಯೇ ಉಳಿಯಿತು. ಕಾರ್ಖಾನೆಯ ಆವರಣದೊಳಗೆ ನೆನಪಿನ ಬಾಟಲಿ ಮಾರುವುದಕ್ಕೆ ವಿಶೇಷ ಅನುಮತಿ. ಇದನ್ನು ಕೇಳಿ ಮಾವನವರಿಗೆ ತವರಿಗೆ ಬಂದಷ್ಟು ಖುಷಿಯಾಯಿತು. "ನೋಡಿ, ಸರ್ಕಾರ ಅಂದ್ರೆ ಎಲ್ಲಾ ಕಡೆ ಒಂದೇ. ನಾವೂ 2007ರಲ್ಲಿ ಸಾರಾಯಿ ಬಂದ್ ಮಾಡಿದ್ವಿ. ಸಾರಾಯಿ ಮಾತ್ರ."

ಗೈಡು ಡಂಗರಿ ತೊಟ್ಟ, ಗಡ್ಡ ಬಿಟ್ಟ ಅಜ್ಜ. ಒಳಗೆ ಸ್ಪಿರಿಟ್ ಆವಿ ತುಂಬಿರುತ್ತದೆ, ಕಿಡಿ ತಾಗಬಾರದು, ಫೋನು ಆರಿಸಿ ಎಂದ. ನಮ್ಮ ಮಗಳ ಹದಿನೈದು ವರ್ಷದ ಜೀವನದಲ್ಲಿ ಇದಕ್ಕಿಂತ ಘೋರವಾದ ನಿಷೇಧ ಬಂದಿರಲಿಲ್ಲ.

ಮೊದಲು ಇದ್ದಿಲಿನ ಅಂಗಳ. ಶುಗರ್ ಮೇಪಲ್ ಮರದ ಪಟ್ಟಿಗಳನ್ನು ಅಟ್ಟಿ ಪೇರಿಸಿ, ಅದರ ಮೇಲೆ 140 ಪ್ರೂಫಿನ ಹಸಿ ವಿಸ್ಕಿ ಚಿಮುಕಿಸಿ ಬೆಂಕಿ ಕೊಡುತ್ತಾರೆ. ಮಾವ ಕೈ ಎತ್ತಿದರು. ಸುಡುವ ಆ ವಿಸ್ಕಿಗೆ ತೆರಿಗೆ ಕಟ್ಟಿದೆಯೋ ಇಲ್ಲವೋ? ಅಜ್ಜ ನಕ್ಕು ಮುಂದೆ ನಡೆದ. ಮಾವ ನಗಲಿಲ್ಲ. 140 ಪ್ರೂಫ್ ಎಂದರೆ ಇಲ್ಲಿ ಶೇಕಡಾ 70. ಅಮೆರಿಕದವರು ಅರ್ಧ ಮಾಡಿದರೆ ಸಾಕು, ಲೆಕ್ಕ ಸಿಗುತ್ತದೆ. ನಮ್ಮದು ಬ್ರಿಟಿಷರು ಬಿಟ್ಟುಹೋದ ಲೆಕ್ಕ. ಅಲ್ಲಿ 75 ಪ್ರೂಫ್ ಎಂದರೆ ಶೇಕಡಾ 42.8, ಇಲಾಖೆಯವರ ಬಾಯಲ್ಲಿ "25 ಯು.ಪಿ." (ಅಂಡರ್ ಪ್ರೂಫ್). ಇವರ 80 ಪ್ರೂಫಿನ ಬಾಟಲಿಯಲ್ಲಿ ಇರುವುದು 40 ಮಾತ್ರ. "ಅಂದ್ರೆ ನಮ್ಮ 75 ಇವರ 80ಕ್ಕಿಂತ ಸ್ಟ್ರಾಂಗು!" ಎಂದು ಮಾವ ಇಡೀ ಗುಂಪಿಗೆ ಕೇಳುವಂತೆ ತೀರ್ಪು ಕೊಟ್ಟರು. ಟೆಕ್ಸಾಸ್ ಟೋಪಿಯ ಒಬ್ಬಾತ ಗೌರವದಿಂದ ತಲೆಯಾಡಿಸಿದ. ಭಾಷೆ ಕನ್ನಡ ಎಂಬುದು ಅವನಿಗೆ ಅಡ್ಡಿಯಾದಂತೆ ಕಾಣಲಿಲ್ಲ.

ಸುಣ್ಣಕಲ್ಲಿನ ಗುಹೆಯಿಂದ ಹರಿದು ಬರುವ ಊಟೆಯ ನೀರು ವರ್ಷವಿಡೀ 13 ಡಿಗ್ರಿ. ಕಬ್ಬಿಣದ ಅಂಶವಿಲ್ಲ, ಹಾಗಾಗಿ ವಿಸ್ಕಿ ಕಪ್ಪಾಗುವುದಿಲ್ಲ. ಅತ್ತೆ ಬೊಗಸೆಯೊಡ್ಡುವಷ್ಟರಲ್ಲಿ ಮಗಳು ಎಳೆದುಕೊಂಡಳು. ಅತ್ತೆಯ ಸರದಿ ಬಂದದ್ದು ಹುಳಿ ಬರಿಸುವ ಮನೆಯಲ್ಲಿ. ನೂರು ಪಾಲಿನಲ್ಲಿ 80 ಜೋಳ (ನಮ್ಮ ಮುಸುಕಿನ ಜೋಳ), 12 ಮೊಳಕೆ ಕಟ್ಟಿದ ಬಾರ್ಲಿ, 8 ರೈ. ಇದನ್ನು ಬೇಯಿಸಿ, ಯೀಸ್ಟ್ ಬೆರೆಸಿ, ದೊಡ್ಡ ತೊಟ್ಟಿಗಳಲ್ಲಿ ಬಿಟ್ಟಿದ್ದರು. ಮೇಲೆಲ್ಲ ಬುಗುಬುಗು ನೊರೆ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾರೆಂದು ನಾನು ಕಾಯುತ್ತಿದ್ದರೆ, ಅವರು ಬಗ್ಗಿ ಮೂಸಿ, "ಮೇ ತಿಂಗಳಲ್ಲಿ ದೋಸೆಹಿಟ್ಟು ಹೊರಗಡೆ ಮರೆತರೆ ಹೀಗೇ ಆಗೋದು" ಎಂದರು. ಹಳೇ ಸರದಿಯ ಹುಳಿಗಂಜಿಯನ್ನು ಸ್ವಲ್ಪ ಉಳಿಸಿ ಹೊಸದಕ್ಕೆ ಬೆರೆಸುವುದೇ ತಮ್ಮ ಗುಟ್ಟು ಎಂದು ಅಜ್ಜ ಹೇಳಿದ್ದನ್ನು ಅನುವಾದಿಸಿದೆ. "ಇದೊಂದು ಗುಟ್ಟಾ?" ಎಂದರು ಅತ್ತೆ.

ಬಟ್ಟಿಯಿಳಿದ ಹಸಿ ವಿಸ್ಕಿ ಹತ್ತು ಅಡಿ ಇದ್ದಿಲಿನೊಳಗೆ ಹನಿಹನಿಯಾಗಿ ಇಳಿಯುತ್ತದೆ. ಪಕ್ಕದ ಕೆಂಟಕಿಯ ಬೂರ್ಬನ್‌ಗೂ ಟೆನೆಸಿ ವಿಸ್ಕಿಗೂ ಇರುವ ಮುಖ್ಯ ವ್ಯತ್ಯಾಸ ಇದೇ. ತೊಟ್ಟಿಯ ಮುಚ್ಚಳ ಎತ್ತಿ ಅಜ್ಜ ಒಮ್ಮೆ ಮೂಸಲು ಬಿಟ್ಟ. ಟೂರಿನ ಆ ಹೊತ್ತಿನಲ್ಲಿ ನಾನು ಮಿಕ್ಕವರಿಗಿಂತ ತುಸು ಹೆಚ್ಚು ಹೊತ್ತು ಬಗ್ಗಿದ್ದೆ ಎಂದು ಹೆಂಡತಿಯ ಆರೋಪ. ಇರಲಿ.

ನಿಜವಾದ ಯುದ್ಧ ನಡೆದದ್ದು ಪೀಪಾಯಿ ಗೋದಾಮಿನಲ್ಲಿ. ಹೊಸ ಓಕ್ ಪೀಪಾಯಿಯ ಒಳಮೈ ಸುಟ್ಟು, ವಿಸ್ಕಿ ತುಂಬಿ, ವರ್ಷಗಟ್ಟಲೆ ಮಲಗಿಸುತ್ತಾರೆ. ಆ ಅವಧಿಯಲ್ಲಿ ಒಂದಷ್ಟು ಪಾಲು ಮರದ ಮೂಲಕ ಆವಿಯಾಗಿ ಹೋಗುತ್ತದೆ; ಅದು ದೇವತೆಗಳ ಪಾಲು ಎಂದ ಅಜ್ಜ. ಮಾವನವರ ಇಂಗ್ಲಿಷು ತಟ್ಟನೆ ಕಚೇರಿಗೆ ಮರಳಿತು. "ವಾಟ್ ಈಸ್ ದಿ ಪರ್ಮಿಸಿಬಲ್ ವೇಸ್ಟೇಜ್?" ಅಜ್ಜ ಮತ್ತೆ ದೇವತೆಗಳ ಕಡೆಗೇ ಕೈ ತೋರಿಸಿದ. ಮಾವ ನನ್ನತ್ತ ತಿರುಗಿದರು: "ಸ್ಟಾಕ್ ರಿಜಿಸ್ಟರಿನಲ್ಲಿ ಕಮ್ಮಿ ಬಿದ್ದದ್ದಕ್ಕೆ ನಾನೇನಾದ್ರೂ 'ದೇವತೆಗಳು ಕುಡಿದರು' ಅಂತ ಷರಾ ಬರೆದಿದ್ರೆ ಅವತ್ತೇ ಸಸ್ಪೆಂಡು." ಗೋದಾಮಿಗೆ ಹಿಂದೆ ಇಲ್ಲೂ ಎರಡು ಬೀಗ ಇರುತ್ತಿದ್ದವು, ಒಂದರ ಕೀಲಿ ಮಾಲೀಕನ ಬಳಿ, ಇನ್ನೊಂದರದು ಸರ್ಕಾರಿ ಅಧಿಕಾರಿಯ ಬಳಿ ಎಂದು ಕೇಳಿದ ಮೇಲೆಯೇ ಅವರ ಉಸಿರಾಟ ಸರಿಹೋದದ್ದು.

ದೇವತೆಗಳ ವಿಷಯ ಬಂದಾಗ ಬೆಂಗಳೂರನ್ನು ಬಿಡುವಂತಿಲ್ಲ. ಸ್ಕಾಟ್ಲೆಂಡಿನಲ್ಲಿ ಅವರು ವರ್ಷಕ್ಕೆ ಶೇಕಡಾ 2ರಷ್ಟು ಕುಡಿದು ತೃಪ್ತರಾದರೆ, ನಮ್ಮ ಮೈಸೂರು ರಸ್ತೆಯ ಕಂಬೀಪುರದಲ್ಲಿರುವ ಅಮೃತ್ ಡಿಸ್ಟಿಲರಿಯಲ್ಲಿ 10-12ರವರೆಗೂ ಹೀರುತ್ತಾರೆ. ಸೆಖೆ ಹೆಚ್ಚು, ಪಾಪ. 2004ರಲ್ಲಿ ಗ್ಲಾಸ್ಗೋಗೇ ಹೋಗಿ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದ ಕಂಪನಿ ಅದು. ಕೊನೆಗೆ ತನ್ನ ಒಂದು ವಿಸ್ಕಿಗೆ 'ಗ್ರೀಡಿ ಏಂಜೆಲ್ಸ್' ಎಂದೇ ಹೆಸರಿಟ್ಟಿತು. ಇಷ್ಟನ್ನು ನಾನು ಉತ್ಸಾಹದಿಂದ ವಿವರಿಸಿ ಮುಗಿಸಿದ ಮೇಲೆ ಮಾವ, "ನಿಮಗೆ ಬಹಳ ವಿಷಯ ಗೊತ್ತಿದೆ" ಎಂದರು. ಹೆಂಡತಿ ಛಾವಣಿ ನೋಡಿದಳು.

ಜ್ಯಾಕ್ ಡೇನಿಯಲ್ ಕಥೆಯಲ್ಲಿ ಮಾವನಿಗೆ ಹಿಡಿಸಿದ್ದು ತಿಜೋರಿ. ಸಂಖ್ಯೆ ಮರೆತು, ಸಿಟ್ಟಿನಲ್ಲಿ ಒದ್ದು, ಕಾಲ್ಬೆರಳು ನಂಜಾಗಿ 1911ರಲ್ಲಿ ತೀರಿಕೊಂಡನೆಂದು ಅಲ್ಲಿ ಹೇಳುತ್ತಾರೆ. ಕಂಪನಿ 1866ರಲ್ಲೇ ಶುರುವಾಯಿತು ಎನ್ನುತ್ತದೆ. ಅವನ ಜೀವನಚರಿತ್ರೆ ಬರೆದ ಪೀಟರ್ ಕ್ರಾಸ್ ದಾಖಲೆ ಕೆದಕಿ 1875 ಎಂದಿದ್ದಾರೆ. ಅತ್ತೆ ಕೇಳಿದ್ದೇ ಬೇರೆ: "ಇವನಿಗೆ ಕಲಿಸಿದವರು ಯಾರು?" ಆ ಪ್ರಶ್ನೆಗೆ ಬಹುಕಾಲ ಸಿಗುತ್ತಿದ್ದ ಉತ್ತರ, ಡ್ಯಾನ್ ಕಾಲ್ ಎಂಬ ಪಾದ್ರಿ. ಆ ಪಾದ್ರಿಯ ಬಟ್ಟಿಯಲ್ಲಿ ನಿಜಕ್ಕೂ ಕೈಹಿಡಿದು ಕಲಿಸಿದವನು ನಿಯರೆಸ್ಟ್ ಗ್ರೀನ್, ಗುಲಾಮನಾಗಿದ್ದ ಕಪ್ಪು ಮನುಷ್ಯ. 2016ರಲ್ಲಿ ಪತ್ರಿಕೆಯಲ್ಲಿ ಸುದ್ದಿಯಾದ ಮೇಲಷ್ಟೇ ಕಂಪನಿ ಅವನನ್ನು ತನ್ನ ಮೊದಲ ಬಟ್ಟಿಮೇಸ್ತ್ರಿ ಎಂದು ಅಧಿಕೃತವಾಗಿ ಒಪ್ಪಿದ್ದು. ತಡವಾಯಿತು, ಬಹಳ ತಡವಾಯಿತು.

ಮಧ್ಯಾಹ್ನದ ಊಟ ಮಿಸ್ ಮೇರಿ ಬೋಬೋ ಅವರ ಹೆಸರಿನ ಊಟದ ಮನೆಯಲ್ಲಿ. 1908ರಲ್ಲಿ ಅನ್ನ ಹಾಕಲು ಶುರುಮಾಡಿ, ನೂರು ದಾಟಿ ಬದುಕಿದ ಮಹಾತಾಯಿ. ಗುರುತಿಲ್ಲದವರ ಜೊತೆ ಒಂದೇ ಮೇಜಿಗೆ ಕೂತು, ಬಟ್ಟಲು ದಾಟಿಸುತ್ತ ಉಣ್ಣಬೇಕು. ಕೋಳಿಯನ್ನು ದಾಟಿಸಿ ನಾವು ಹುರಿದ ಬೆಂಡೆಕಾಯಿಗೂ ಸೇಬಿನ ಸಿಹಿಗೂ ಶರಣಾದೆವು. ಅತ್ತೆ ಸೇಬನ್ನು ಎರಡನೇ ಸಲ ಬಡಿಸಿಕೊಳ್ಳುವಾಗ ಬಡಿಸುವಾಕೆ, ಅದರಲ್ಲಿ ಒಂದಿಷ್ಟು ಜ್ಯಾಕ್ ಡೇನಿಯಲ್ಸ್ ಬಿದ್ದಿದೆ ಎಂದಳು. ಮೇಜು ಸ್ತಬ್ಧ. ಅತ್ತೆ ಚಮಚ ಇಳಿಸಿ ಕೇಳಿದರು: "ಒಲೆ ಮೇಲೆ ಕಾಯಿಸಿದ್ದಾರಾ?" ಹೌದೆಂದೆ. "ಹಾಗಾದ್ರೆ ಹಾರಿಹೋಗಿದ್ದು ದೇವತೆಗಳಿಗಾಯ್ತು. ಉಳಿದಿದ್ದು ಪ್ರಸಾದ." ಕಾಯಿಸಿದರೂ ಪೂರ್ತಿ ಹಾರಿಹೋಗುವುದಿಲ್ಲ ಎಂದು ತಾಂತ್ರಿಕ ಆಕ್ಷೇಪ ಎತ್ತಲು ಬಾಯಿ ತೆರೆದ ಮಾವ, ಅತ್ತೆಯ ಕಣ್ಣು ನೋಡಿ ಮುಚ್ಚಿಕೊಂಡರು.

ಕಾರು ಹತ್ತುವಾಗ ಮಾವ ಗಂಭೀರರಾಗಿದ್ದರು. "ಅಳಿಯಂದಿರೇ, ರುಚಿ ನೋಡೋ ಟಿಕೆಟ್ಟೂ ಇತ್ತಂತಲ್ಲ, ಯಾಕೆ ತಗೊಳ್ಳಲಿಲ್ಲ?" "ಅಲ್ಲ ಮಾವ, ನಿಮ್ಮೆದುರಿಗೆ..." "ಸ್ಯಾಂಪಲ್ ತೆಗೀದೆ ತಪಾಸಣೆ ಮುಗಿಯತ್ತೇನ್ರೀ? ನಾನು ಮೂಸಿ ಹೇಳ್ತಿದ್ದೆ. ನೀವು ಕುಡಿದು ಸಾಕ್ಷಿ ಹೇಳಬಹುದಿತ್ತು. ಅಭ್ಯಾಸ ಇದೆಯಲ್ಲ."

ನೀವು ಹೋಗುವುದಾದರೆ ಊಟದ ಮೇಜನ್ನು ಮೊದಲೇ ಕಾದಿರಿಸಿ, ಒಳಗೆ ಮೆಟ್ಟಿಲು ಹತ್ತಿಳಿಯಲು ಅನುಕೂಲವಾದ ಚಪ್ಪಲಿ ಹಾಕಿಕೊಳ್ಳಿ. ಕಾರು ಓಡಿಸಲು ಕುಡಿಯದವರೊಬ್ಬರು ಜೊತೆಗಿರಲಿ. ಅವರು ಅಬಕಾರಿಯವರಾದರೆ ಧೈರ್ಯವಾಗಿ ರುಚಿ ನೋಡುವ ಟಿಕೆಟ್ಟನ್ನೇ ತೆಗೆದುಕೊಳ್ಳಿ. ನಿಮ್ಮ ವಿಷಯ ಅವರಿಗೆ ಮೊದಲೇ ಗೊತ್ತಿರುತ್ತದೆ.