ಒಳಗೆ ಬಿಟ್ಟರು, ಎಲೆ ಹಾಕಲಿಲ್ಲ

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿದ ಹುಡುಗಿ ಮುಂದೆ ಯಾವ ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂದು ರ‍್ಯಾಂಕಿಂಗ್ ಪಟ್ಟಿಯನ್ನು ಕೇಳುತ್ತಾಳೆ, ಸನಿವೇಲ್‌ನ ಕನ್ನಡದ ಅಂಕಲ್‌ಗಳನ್ನು ಕೇಳುತ್ತಾಳೆ. ಜೊತೆಗೇ ಗಂಟು ಕಟ್ಟಿಕೊಂಡು ಹೊರಡಬೇಕಾದ ಕ್ರೆಡಿಟ್‌ಗಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಕ್ಯಾಲ್ಕುಲಸ್ ಇಲ್ಲದ ಭೌತಶಾಸ್ತ್ರ ತರಗತಿಯಲ್ಲಿ ಹುಟ್ಟಿದ, ನಾಲ್ಕು ಯೂನಿಟ್ ತೂಕದ ಕ್ರೆಡಿಟ್‌ರಾಯರನ್ನು ನಾವು ಮಾತಾಡಿಸಿದೆವು.

ರಾಯರೇ, ನೀವು ಬಲು ಅಗ್ಗವಂತೆ?

‘ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್. ಮೊದಲ ಎರಡು ವರ್ಷದ 60 ಯೂನಿಟ್‌ಗೆ 2,760. ಆದರೆ ಅಗ್ಗದ ಲಾಭ ಉಳಿಯುವುದು ನಾನು ಮುಂದೆಯೂ ಲೆಕ್ಕಕ್ಕೆ ಬಂದರೆ ಮಾತ್ರ. 2004ರಿಂದ 2009ರ ನಡುವೆ ಅಮೆರಿಕದಲ್ಲಿ ಕಾಲೇಜು ಬದಲಿಸಿದವರು ಸರಾಸರಿ ಸುಮಾರು ಶೇ. 43ರಷ್ಟು ಕ್ರೆಡಿಟ್ ಕಳೆದುಕೊಂಡರೆಂದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2017ರಲ್ಲಿ ವರದಿ ಮಾಡಿತು. ಅದರಲ್ಲಿ ಖಾಸಗಿ ಕಾಲೇಜುಗಳೂ ಸೇರಿವೆ ಎಂದು ನೀವು ಆಕ್ಷೇಪಿಸಬಹುದು. ಸರ್ಕಾರಿಯಿಂದ ಸರ್ಕಾರಿಗೆ ಹೋದವರ ನಷ್ಟ ಕಡಿಮೆ, ನಿಜ, ಅಲ್ಪವೇನಲ್ಲ.’

ವಿಶ್ವವಿದ್ಯಾಲಯಗಳು ನಿಮ್ಮನ್ನು ಸ್ವೀಕರಿಸುತ್ತೇವೆ ಎನ್ನುತ್ತವಲ್ಲ?

‘ಸ್ವೀಕರಿಸುತ್ತಾರೆ, ಐಚ್ಛಿಕ ವಿಷಯವಾಗಿ! ಮದುವೆಮನೆಗೆ ಕರೆದು, ಪಂಕ್ತಿಯಲ್ಲಿ ಎಲೆ ಹಾಕದೆ ನಿಲ್ಲಿಸಿದ ಹಾಗೆ. ಜೀವಶಾಸ್ತ್ರದವರಿಗೆ ನಾನು ಎಷ್ಟೋ ಕಡೆ ನೆಂಟ. ಎಂಜಿನಿಯರಿಂಗ್‌ನವರು ಕ್ಯಾಲ್ಕುಲಸ್ ಇರುವ ನನ್ನ ದಾಯಾದಿಯನ್ನೇ ಕೇಳುತ್ತಾರೆ. ಮೇಜರ್‌ಗೆ, ಅಂದರೆ ಪದವಿಯ ಮುಖ್ಯ ವಿಷಯಕ್ಕೆ, ಸಲ್ಲದ ಯೂನಿಟ್ ಅಂಕಪಟ್ಟಿಯಲ್ಲಿ ಮೆರೆಯುತ್ತದೆ, ಮೇಜರ್ ಮುಗಿಯುವ ದಿನವನ್ನು ಹತ್ತಿರ ತರುವುದಿಲ್ಲ. ಯಾವ ಕಾಲೇಜಿನ ಯಾವ ಪಾಠ ಯಾವ ಕ್ಯಾಂಪಸ್ಸಿನ ಯಾವ ಮೇಜರ್‌ಗೆ ಸಲ್ಲುತ್ತದೆಂದು ಅಸಿಸ್ಟ್ ಎಂಬ ಸರ್ಕಾರಿ ಜಾಲತಾಣದಲ್ಲಿ ಪುಕ್ಕಟೆ ಬರೆದಿದ್ದಾರೆ. ಪುಕ್ಕಟೆ ಸಿಗುವುದನ್ನು ಓದುವವರು ಯಾರು!’

ಆದರೂ ಬರ್ಕ್ಲಿ ಎಂದರೆ ಬರ್ಕ್ಲಿ. ಕೆಲಸ ಕೊಡುವವರು ಹೆಸರು ನೋಡುವುದಿಲ್ಲವೇ?

‘ನೋಡುತ್ತಾರೆ. ಹೆಸರು ಸುಳ್ಳೆಂದು ನಾನು ಹೇಳಲಾರೆ. ಅದರ ಬೆಲೆಯನ್ನೂ ಕೂಡಿ ನೋಡಿ ಎನ್ನುತ್ತೇನೆ, ಅಷ್ಟೆ. ಮೇಜರ್‌ನ ಪೂರ್ವಪಾಠಗಳು ಬಾಕಿ ಉಳಿದು ಒಂದು ವರ್ಷ ಹೆಚ್ಚಾದರೆ, ಬರ್ಕ್ಲಿ ಸೇರಿರುವ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ವ್ಯವಸ್ಥೆಯಲ್ಲಿ ರಾಜ್ಯದ ನಿವಾಸಿಗೂ ಬೋಧನಾ ಶುಲ್ಕ, ಕಡ್ಡಾಯ ಶುಲ್ಕ ಸೇರಿದರೇ 14 ಸಾವಿರ ಡಾಲರ್ ಮೀರುತ್ತದೆ. ಬಾಡಿಗೆ, ಊಟ ಬೇರೆ. ಅದೂ ಅಲ್ಲದೆ ಹೆಸರಿನ ಆಸೆ ಬಿಡಬೇಕೆಂದೇನಿಲ್ಲ. ಪ್ರವೇಶ ಖಾತ್ರಿಪಡಿಸುವ ಟ್ಯಾಗ್ ಒಪ್ಪಂದ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಎಂಬ ಆರು ಯುಸಿ ಕ್ಯಾಂಪಸ್ಸುಗಳಲ್ಲಿದೆ. ಎಲ್ಲ ಮೇಜರ್‌ಗಳಿಗೂ ಇಲ್ಲ. ಒಂದರಲ್ಲಿ ಟ್ಯಾಗ್ ಹಾಕಿಟ್ಟು ಬರ್ಕ್ಲಿಗೂ ಯುಸಿಎಲ್ಎಗೂ ಅರ್ಜಿ ಗುಜರಾಯಿಸಲು ಯಾರ ಅಡ್ಡಿಯೂ ಇಲ್ಲ. ರಾಜ್ಯದ ಇನ್ನೊಂದು ಸರ್ಕಾರಿ ವಿಶ್ವವಿದ್ಯಾಲಯ ವ್ಯವಸ್ಥೆಯಾದ ಕ್ಯಾಲ್ ಸ್ಟೇಟ್‌ಗೆ ಹೋಗುವವರಿಗಂತೂ 2010ರ ಕಾನೂನಿನಿಂದ ಬಂದ ವರ್ಗಾವಣೆ ಪದವಿ ಇದೆ: ಹೊಂದುವ ಮೇಜರ್ ಹಿಡಿದರೆ ಇನ್ನು 60 ಯೂನಿಟ್‌ಗೆ ಬ್ಯಾಚುಲರ್ ಡಿಗ್ರಿ.’

ರಾಯರ ವಾದ ಸ್ವಾರ್ಥದ್ದು, ಆದರೆ ಲೆಕ್ಕ ಸರಿಯಾಗಿದೆ. ಮೇಜರ್ ಯಾವುದೆಂದೇ ತೀರ್ಮಾನಿಸದವರಿಗೆ ಮಾತ್ರ ಈ ಲೆಕ್ಕ ಪೂರ್ತಿ ಒದಗದು. ಅವರು ಹೆಚ್ಚು ಕ್ಯಾಂಪಸ್ಸುಗಳಲ್ಲಿ ಸಲ್ಲುವ ಪಾಠಗಳನ್ನೇ ಮೊದಲು ಮುಗಿಸುವುದು ಮೇಲು. ಉಳಿದವರು ರ‍್ಯಾಂಕಿಂಗ್ ಪಟ್ಟಿಗೆ ಮುಂಚೆ ಅಸಿಸ್ಟ್ ತೆರೆಯಲಿ. ಟ್ಯಾಗ್ ಅರ್ಜಿ ಹಾಕಲು ಸೆಪ್ಟೆಂಬರ್ 1ರಿಂದ 30ರವರೆಗೆ ಅವಕಾಶ.