ರಾಯರ ಮಾತ್ರಾಗಣ

ಬೆಳಗ್ಗೆ ಐದೂವರೆ. ಹಾಲಿನವನೂ ಇನ್ನೂ ಬಂದಿರುವುದಿಲ್ಲ, ಕೆಳಗಿನ ಮನೆಯಲ್ಲಿ ‘ಟಪ್’ ಅಂತ ಒಂದು ಸದ್ದಾಗುತ್ತದೆ. ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ. ಅದರ ಬೆನ್ನಿಗೇ ತಾಮ್ರದ ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿದ್ದು ಕೇಳುತ್ತದೆ, ಆಮೇಲೆ ಗುಳುಂ, ಆಮೇಲೆ ‘ಶ್ರೀಹರಿ’. ಮೈಸೂರಿನ ಕುವೆಂಪುನಗರದ ನಮ್ಮ ಅಡ್ಡರಸ್ತೆಯಲ್ಲಿ ರಾಯರು ಎದ್ದರು ಎಂದು ಅರ್ಥ. ಇನ್ನು ಒಂದು ಗಂಟೆ ಆ ಮನೆಯಲ್ಲಿ ಯಾರೂ ಕಾಫಿಯ ಹೆಸರೆತ್ತುವ ಹಾಗಿಲ್ಲ.

ಥೈರಾಯ್ಡ್ ಮಾತ್ರೆಯ ಕಟ್ಟಳೆ ಅದು. ಖಾಲಿ ಹೊಟ್ಟೆಗೇ ನುಂಗಬೇಕು. ಹಿಂದೆಯೇ ಕಾಫಿ ಇಳಿಸಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅರ್ಧ ಗಂಟೆಯಾದರೂ ಬಿಡಿ, ಒಂದು ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು ಎಂದಿದ್ದರು ಡಾಕ್ಟರು. ರಾಯರು ಒಂದು ಗಂಟೆಯನ್ನೇ ಹಿಡಿದರು. ಆ ಮಾತ್ರೆಯೊಳಗಿನ ಔಷಧಿ 25 ಮೈಕ್ರೋಗ್ರಾಂ. ಅಂದರೆ ಒಂದು ಗ್ರಾಮನ್ನು ನಲವತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲು. ಕಣ್ಣಿಗೆ ಕಾಣದ ಆ ಚೂರು, ಐವತ್ತು ವರ್ಷ ಹಾಸಿಗೆಯಿಂದ ನೇರವಾಗಿ ಕಾಫಿಗೆ ನಡೆದ ಮನುಷ್ಯನನ್ನು ಫಿಲ್ಟರಿನ ಎದುರು ಕೂರಿಸಿ ಡಿಕಾಕ್ಷನ್ನಿನ ತೊಟ್ಟು ಎಣಿಸುವಂತೆ ಮಾಡಿದೆ. ಏಕಾದಶಿಯ ದಿನವೂ ‘ಕಾಫಿ ಉಪವಾಸದ ಲೆಕ್ಕಕ್ಕೆ ಬರುವುದಿಲ್ಲ’ ಎಂದು ಸ್ವಂತ ತಾಯಿಯ ಜೊತೆ ವಾದಿಸಿ ಗೆದ್ದಿದ್ದವರು ಇವರು.

ರಾಯರ ಪರಿಚಯ ನಿಮಗೆ ಬೇಕಾಗಿಲ್ಲ, ನಿಮ್ಮ ಬೀದಿಯಲ್ಲೂ ಒಬ್ಬರಿರುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಮೂವತ್ತೈದು ವರ್ಷ ಕಡತದ ಜೊತೆ ಬಾಳಿದ ಮೇಲೆ ಕೈಗೆ ಏನಾದರೂ ಬೇಕಲ್ಲ. ನಿವೃತ್ತಿಯ ಮರುವರ್ಷವೇ ಸಕ್ಕರೆ ಕಾಯಿಲೆ ಬಂದು ಆ ಕೊರತೆ ನೀಗಿಸಿತು. ಚೀಟಿಯ ಮೇಲೆ ಡಾಕ್ಟರು 1-0-1 ಎಂದು ಬರೆದದ್ದನ್ನು ನೋಡಿ ರಾಯರ ಕಣ್ಣು ಅರಳಿದ್ದನ್ನು ನಾನು ಕಂಡಿದ್ದೇನೆ. ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಇಷ್ಟು ಚೊಕ್ಕವಾದ ಆದೇಶ ಅವರಿಗೆ ಸರ್ವಿಸಿನಲ್ಲೂ ಬಂದಿರಲಿಲ್ಲ.

ಆಮೇಲೆ ಸಿಬ್ಬಂದಿ ಬೆಳೆಯುತ್ತ ಹೋಯಿತು. ಆ ಸಕ್ಕರೆ ಮಾತ್ರೆ ಮೆಟ್‌ಫಾರ್ಮಿನ್ ಬಹಳ ವರ್ಷ ನುಂಗಿದವರಿಗೆ ಮೈಯಲ್ಲಿ ಬಿ12 ಇಳಿಯಬಹುದು, ಅದಕ್ಕೊಂದು ಬಿ12. ರಕ್ತ ಹೆಪ್ಪುಗಟ್ಟದಿರಲಿ ಎಂದು ಆಸ್ಪಿರಿನ್ 75, ಅದು ಹೊಟ್ಟೆ ಕೆರೆಯದಿರಲಿ ಎಂದು ಪ್ಯಾಂಟಪ್ರಜೋಲ್ 40. ಒಂದು ಮಾತ್ರೆ ಒಳಗೆ ಬಂದರೆ ಬಾಗಿಲು ಹಾಕುವುದರೊಳಗೆ ಅದರ ಷಡ್ಡಕನೂ ಬಂದಿರುತ್ತಾನೆ. ಬಿಪಿಗೆ ಮೊದಲು ಆಮ್ಲೊಡಿಪಿನ್ ಇತ್ತು. ಅದರಿಂದ ಕಾಲು ಊದಿತು. ಊತ ಇಳಿಯಲಿ ಎಂದು ಇನ್ನೊಬ್ಬರು ನೀರು ಹೋಗುವ ಮಾತ್ರೆ ಕೊಟ್ಟರು. ನೀರು ಹೋಗತೊಡಗಿ ರಾತ್ರಿ ನಿದ್ದೆ ಹೋಯಿತು, ನಿದ್ದೆಗೂ ಒಂದು ಮಾತ್ರೆ ಕೇಳಲು ಹೋದಾಗ ಕುರ್ಚಿಯಲ್ಲಿ ಕೂತಿದ್ದ ಎಳೆಯ ಡಾಕ್ಟರಮ್ಮ ಹಳೆ ಚೀಟಿಗಳನ್ನೆಲ್ಲ ಹರಡಿಕೊಂಡು ನೋಡಿ, ಎರಡಕ್ಕೂ ಗೀಟು ಹಾಕಿ, ಒಂದೇ ಒಂದು ಟೆಲ್ಮಿಸಾರ್ಟನ್ ಬರೆದರು. ಕಾಲು ಇಳಿಯಿತು, ನಿದ್ದೆ ಬಂತು, ರಾಯರು ಮಾತ್ರ ಒಂದು ವಾರ ಮಂಕಾಗಿದ್ದರು. “ಎರಡು ಪೋಸ್ಟು ಅಬಾಲಿಶ್ ಮಾಡಿಬಿಟ್ಟರಪ್ಪ” ಎಂದರು ನನ್ನ ಹತ್ತಿರ. ಮೆಟ್‌ಫಾರ್ಮಿನ್ ಐನೂರರಿಂದ ಸಾವಿರಕ್ಕೆ ಏರಿದ ದಿನ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದ ಗತ್ತೇ ಬೇರೆ.

ಡಾಕ್ಟರು ಬರೆದದ್ದು ದಿನಕ್ಕೆ ಎಂಟು. ಉಳಿದ ಆರು, ರಾಯರೇ ಮಾಡಿಕೊಂಡ ನೇರ ನೇಮಕಾತಿ: ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವಾಗ ಒಬ್ಬರು ಹೇಳಿದ ಅಮೃತಬಳ್ಳಿ, ಇನ್ನೊಬ್ಬರು ಹೇಳಿದ ಅಶ್ವಗಂಧ, ತ್ರಿಫಲಾ, ಬಿ ಕಾಂಪ್ಲೆಕ್ಸು, ಮೂಳೆಗೆ ಕ್ಯಾಲ್ಸಿಯಂ, ಅಮೆರಿಕದ ಮಗಳು ಕಳಿಸುವ ಮಲ್ಟಿವಿಟಮಿನ್. ಹಂಗಾಮಿ ಎಂದು ಸೇರಿಸಿಕೊಂಡವು, ಈಗ ಎಲ್ಲವೂ ಕಾಯಂ.

ಇದನ್ನೆಲ್ಲ ಪಕ್ಕದಲ್ಲೇ ಕೂತು ನೋಡುವವರು ಅವರ ಮನೆಯಾಕೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವರು, ಬೀದಿಗೆಲ್ಲ ಟೀಚರಮ್ಮ. ಒಂದು ದಿನ ಅವರೆಬೇಳೆ ಹಿಚುಕುತ್ತ ಕೂತಿದ್ದವರು ನನ್ನನ್ನು ಕರೆದು ಕೇಳಿದರು: “ಬರಿಹೊಟ್ಟೆಗೆ ಮೂರು, ತಿಂಡಿಗೆ ನಾಲ್ಕು, ಮಧ್ಯಾಹ್ನ ಮೂರು, ರಾತ್ರಿ ನಾಲ್ಕು. ಏನು ಹೇಳಿ ಇದು?”

“ಹದಿನಾಲ್ಕು.”

“ಸ್ಕೂಲಿನಲ್ಲಿ ಕನ್ನಡಕ್ಕೆ ಎಷ್ಟು ಬರ್ತಿತ್ತು ನಿಮಗೆ? ಮೂರು ನಾಲ್ಕು ಮೂರು ನಾಲ್ಕು. ಭಾಮಿನಿ ಷಟ್ಪದಿಯ ಒಂದು ಸಾಲು! ಕುಮಾರವ್ಯಾಸ ಬರೆದ, ಇವರು ನುಂಗ್ತಾರೆ.”

ಅಷ್ಟಕ್ಕೇ ಬಿಡಲಿಲ್ಲ. “ವಾರಕ್ಕೆ 98 ಮಾತ್ರೆ ಆಯ್ತಾ? ಷಟ್ಪದಿಗೆ ಒಟ್ಟು 102 ಬೇಕು. ಶನಿವಾರಕ್ಕೊಂದು ಡಿ ವಿಟಮಿನ್ ಪುಡಿ ಇದೆಯಲ್ಲ, ಅದು ಗುರು, ಅದಕ್ಕೆರಡು ಮಾತ್ರೆ. ನೂರಾಯ್ತು. ಇನ್ನೆರಡು ಯಾರಾದರೂ ಡಾಕ್ಟರು ಬರೆದುಕೊಟ್ಟರೆ ಪದ್ಯ ಪೂರ್ತಿ.”

ರಾಯರು ಒಳಗಿನಿಂದಲೇ “ಲೇ, ಹೊರಗಿನವರ ಹತ್ತಿರ ನನ್ನ ರಿಪೋರ್ಟು ಹೇಳಬೇಡ” ಎಂದು ಗದರಿದರು. ಸುಮ್ಮನೆ ಹೇಳಿದ್ದು. ತಮ್ಮ ಮೂರು ತಿಂಗಳ ಸಕ್ಕರೆ ಎಷ್ಟು ಎಂಬುದನ್ನು ಅವರು ಕೆರೆಯ ಏರಿಯ ಮೇಲೆ ಗುರುತಿಲ್ಲದವರಿಗೂ ಹೇಳುತ್ತಾರೆ. ಅಲ್ಲಿ ‘ಹೇಗಿದ್ದೀರಿ’ ಎಂದರೆ ‘ಫಾಸ್ಟಿಂಗ್ 118’ ಎಂದು ಉತ್ತರ ಬರುತ್ತದೆ.

ಏರಿಯ ಮೇಲಿನ ಗುಂಪಿನಲ್ಲಿ ಎರಡು ಪಂಗಡ: ಇಂಗ್ಲಿಷ್ ಮದ್ದಿನವರು, ನಾಟಿ ಮದ್ದಿನವರು. ಮೆಂತ್ಯ ನೆನೆಸಿದ ನೀರು, ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ ಒಂದು ಕಡೆ. ಮೆಟ್‌ಫಾರ್ಮಿನ್ ಇನ್ನೊಂದು ಕಡೆ. ಮೆಟ್‌ಫಾರ್ಮಿನ್ನಿನ ಮೂಲವೂ ಒಂದು ಗಿಡವೇ, ಯೂರೋಪಿನ ಹೊಲದ ಬದಿಯಲ್ಲಿ ನೀಲಿ ಹೂ ಬಿಡುವ ಗಲೀಗ ಎಂಬ ಗಿಡದ ಜಾಡು ಹಿಡಿದು ಹೋಗಿ ಮಾಡಿದ ಮದ್ದದು, 1957ರಲ್ಲಿ ಫ್ರಾನ್ಸಿನ ಡಾಕ್ಟರೊಬ್ಬರು ರೋಗಿಗಳಿಗೆ ಕೊಟ್ಟ ಫಲ ಪ್ರಕಟಿಸಿದರು ಎಂದು ಒಮ್ಮೆ ಹೇಳಿ ನೋಡಿದೆ. ಎರಡು ಪಂಗಡದವರಿಗೂ ಸಿಟ್ಟು ಬಂತು. ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ವಂಶದ ಮೂಲಪುರುಷನನ್ನು ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಲ್ಲಿ ಕಂಡುಹಿಡಿದರು ಎಂದು ಮನೆಗೆ ಬಂದು ಹೇಳಿದೆ. ಟೀಚರಮ್ಮ ಗಂಭೀರವಾಗಿ, “ಹಾಗಾದರೆ ಹೋದ ವರ್ಷದ ಮಾವಿನಕಾಯಿ ಜಾಡಿ ಎಸೆಯೋದು ಬೇಡ ಬಿಡಿ” ಎಂದರು.

ಔಷಧಿ ಅಂಗಡಿಯಲ್ಲಿ ರಾಯರನ್ನು ನೋಡಬೇಕು. ಕೆಲವು ಸ್ಟ್ರಿಪ್ಪಿನಲ್ಲಿ ಹತ್ತು ಮಾತ್ರೆ, ಕೆಲವುಗಳಲ್ಲಿ ಹದಿನೈದು. ಎಲ್ಲವೂ ಒಂದೇ ದಿನ ಮುಗಿಯುವ ಯೋಗ ಪಂಚಾಂಗದಲ್ಲೇ ಇಲ್ಲ. ಹಾಗಾಗಿ ತಿಂಗಳಿಗೆ ನಾಲ್ಕು ಸಲ ಹೋಗುತ್ತಾರೆ, ಬೇಕಾದಷ್ಟನ್ನೇ ಕತ್ತರಿಸಿಕೊಡು ಎನ್ನುತ್ತಾರೆ. ಹುಡುಗ ಕತ್ತರಿ ಹಾಕಿದಾಗ ಮಾತ್ರೆ ಒಂದು ತುಂಡಿಗೆ, ಎಕ್ಸ್‌ಪೈರಿ ತಾರೀಕು ಇನ್ನೊಂದು ತುಂಡಿಗೆ. ‘ತಾರೀಕಿರೋ ಕಡೆಯಿಂದ ಕೊಡಪ್ಪ’ ಎಂದು ರಾಯರು. ‘ಆ ಕಡೆಯೇ ಕೊಟ್ಟರೆ ಉಳಿದದ್ದನ್ನು ನಾನು ಯಾರಿಗೆ ಮಾರಲಿ ಸಾರ್’ ಎಂದು ಹುಡುಗ. ಇದು ಮುಗಿಯುವ ವಾದವಲ್ಲ, ಹಿಂದೆ ನಿಂತವರು ಜ್ವರ ಮಾತ್ರೆ ಕೇಳಲು ಬಂದವರಾದರೆ ಅಷ್ಟರಲ್ಲಿ ಜ್ವರವೇ ಬಿಟ್ಟಿರುತ್ತದೆ.

ನನಗೆ ಅರ್ಥವಾಗದ್ದು ಅವರ ಖರ್ಚಿನ ರೀತಿ. ಪ್ರಾಣ ಕಾಯುವ ಬಿಪಿ ಮಾತ್ರೆ, ಸಕ್ಕರೆ ಮಾತ್ರೆಗೆ ನಾಲ್ಕಾಣೆ ಉಳಿಯಲಿ ಎಂದು ಬಿಸಿಲಲ್ಲಿ ಕೊಡೆ ಹಿಡಿದು ಜನೌಷಧಿ ಕೇಂದ್ರಕ್ಕೆ ನಡೆಯುತ್ತಾರೆ. ಆ ಕೇಂದ್ರಗಳು 2008ರಿಂದ ಇವೆ, ಅದೇ ಮದ್ದು ಅಗ್ಗಕ್ಕೆ ಸಿಗುತ್ತದೆ, ನಡೆಯುವುದರಲ್ಲಿ ತಪ್ಪೇನಿಲ್ಲ. ಆದರೆ ಯಾರೂ ಬರೆದುಕೊಡದ ಅಶ್ವಗಂಧದ ಸೀಸೆಗೆ ಬೆಲೆಯನ್ನೂ ನೋಡದೆ ನೋಟು ಎಣಿಸುತ್ತಾರೆ. ಬಿ ಕಾಂಪ್ಲೆಕ್ಸು ನುಂಗಿದ ಮೊದಲ ದಿನ ಬಚ್ಚಲಿನಿಂದ ಗಾಬರಿಯಾಗಿ ಬಂದು, ಅರಿಶಿನದ ಹಾಗಿದೆ, ಕಾಮಾಲೆಯೇ ಇರಬೇಕು ಎಂದಿದ್ದರಂತೆ. ಅದು ರೈಬೋಫ್ಲೇವಿನ್ನಿನ ಬಣ್ಣ. ಮೈಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಹೊರಗೆ ಬಿಡುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದರೆ ಇದೇ. ಈಗ ಅದೇ ಬಣ್ಣ ಅವರಿಗೆ ಧೈರ್ಯ. ಒಂದು ದಿನ ತಿಳಿಯಾಗಿದ್ದರೆ ಮಾತ್ರೆ ನಕಲಿ ಎಂದು ಅಂಗಡಿಗೆ ಹೊರಡುತ್ತಾರೆ.

ಮಗಳು ಕಳಿಸಿದ ಸೀಸೆಗಳ ಕಥೆಯೂ ಇದೆ. ಒಂದರೊಳಗೆ ಜೇನಿನ ಬಣ್ಣದ ದೊಡ್ಡ ದೊಡ್ಡ ಗುಳಿಗೆ; ಹೃದಯಕ್ಕೆ ಒಳ್ಳೆಯದು, ಒಮೆಗಾ-3 ಎಂದು ತಿಂಗಳೊಪ್ಪತ್ತು ಭಕ್ತಿಯಿಂದ ನುಂಗಿದರು. ಮಧ್ಯಾಹ್ನ ತೇಗಿದಾಗೆಲ್ಲ ಏನೋ ಒಂದು ವಾಸನೆ. ಟೀಚರಮ್ಮ ಭೂತಗನ್ನಡಿ ತಂದು ಸೀಸೆಯ ಬೆನ್ನನ್ನು ಓದಿದರು. ಮೀನೆಣ್ಣೆ. ಮನೆ ಐದು ನಿಮಿಷ ನಿಶ್ಶಬ್ದವಾಯಿತು. ಪಂಚಗವ್ಯದ ಮಾತೂ ಬಂತು. ಕೊನೆಗೆ ಎದುರುಮನೆಯ ಧಾರವಾಡದ ಅಕ್ಕ “ಅದಕ್ಯಾಕ್ರೀ ಅಷ್ಟು ಚಿಂತಿ, ಅಗಸಿ ಚಟ್ನಿ ತಿನ್ರಿ, ಅದರಾಗೂ ಒಮೆಗಾ ಐತಿ” ಎಂದು ಒಂದು ಡಬ್ಬಿ ಚಟ್ನಿಪುಡಿ ಕೊಟ್ಟು ಕಳಿಸಿದರು. ರಾಯರಿಗೆ ಅದು ರುಚಿಸಿತು. ರುಚಿಸಿದ್ದರಿಂದಲೇ ಅದು ಔಷಧಿಯಾಗಿರಲಾರದು ಎಂಬ ಅನುಮಾನ ಇನ್ನೂ ಹೋಗಿಲ್ಲ.

ಆದರೆ ಅವರ ಪಟ್ಟದ ದೇವರು ಶನಿವಾರದ ಪುಡಿ. ಡಿ ವಿಟಮಿನ್, 60,000 ಯೂನಿಟ್. ‘ಅರವತ್ತು ಸಾವಿರ’ ಎಂದು ಹೇಳುವಾಗ ರಾಯರ ದನಿಯಲ್ಲಿ ಬಾಕಿ ಪಿಂಚಣಿ ಒಟ್ಟಿಗೇ ಕೈಗೆ ಬಂದ ಕಳೆ. ನಲವತ್ತು ಯೂನಿಟ್ಟಿಗೆ ಒಂದು ಮೈಕ್ರೋಗ್ರಾಂ. ಆ ಅರವತ್ತು ಸಾವಿರವೆಂದರೆ ಒಂದೂವರೆ ಮಿಲಿಗ್ರಾಂ, ಪೊಟ್ಟಣದ ಉಳಿದದ್ದೆಲ್ಲ ಅದನ್ನು ಹೊರುವ ಪಲ್ಲಕ್ಕಿ. ಕೊಬ್ಬಿನಲ್ಲಿ ಕರಗುವ ಜಾತಿ, ಅದಕ್ಕೇ ಹಾಲಿನಲ್ಲಿ ಕಲಸುವುದು. ಬಿ ಕಾಂಪ್ಲೆಕ್ಸಿನ ಹಾಗೆ ಮರುದಿನವೇ ಹೊರಟುಹೋಗುವ ನೆಂಟನಲ್ಲ, ಮೈಯಲ್ಲೇ ಠಿಕಾಣಿ ಹಾಕುತ್ತದೆ. ಮೇಲೆ ಮೇಲೆ ತಗೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿ ಬೇರೆಯೇ ರಗಳೆ. ಡಾಕ್ಟರು ಎಂಟು ವಾರ ಎಂದಿದ್ದರು. ಎಂಟನೆಯದು ಮುಗಿದ ಮೇಲೂ ರಾಯರು ಒಂಬತ್ತನೆಯದನ್ನು ತಂದರು, ಸೇವಾವಧಿ ವಿಸ್ತರಣೆ. ಬಿಸಿಲು ಬಿದ್ದರೆ ಚರ್ಮವೇ ಇದನ್ನು ಬಿಟ್ಟಿಯಾಗಿ ಮಾಡಿಕೊಳ್ಳುತ್ತದಲ್ಲ ರಾಯರೇ ಎಂದರೆ, “ಬಿಸಿಲಾ? ತಲೆನೋವು ಬರುತ್ತಪ್ಪ” ಎಂದು ತುಂಬುತೋಳಿನ ಅಂಗಿ, ಮಂಕಿ ಕ್ಯಾಪು, ಕೊಡೆ ಸಮೇತ ಕೆರೆಗೆ ಹೊರಡುತ್ತಾರೆ.

ಹೋದ ತಿಂಗಳು ಆದದ್ದು ಡಬ್ಬಿಯ ವಿಷಯ. ಮಗಳೇ ತಂದುಕೊಟ್ಟದ್ದು, ದಿನಕ್ಕೆ ನಾಲ್ಕರಂತೆ ಏಳು ಪಟ್ಟಿ, 28 ಗೂಡು, ಆಯಾ ದಿನದ ಪಟ್ಟಿಯನ್ನು ಎತ್ತಿ ಜೇಬಿಗೂ ಹಾಕಿಕೊಳ್ಳಬಹುದು. ಅದರ ಮೇಲೆ ಎಸ್, ಎಂ, ಟಿ ಎಂದು ಇಂಗ್ಲಿಷ್ ಅಕ್ಷರ ಇತ್ತು. ಎರಡು ಟಿ, ಎರಡು ಎಸ್. “ಮಂಗಳವಾರಕ್ಕೂ ಗುರುವಾರಕ್ಕೂ ಒಂದೇ ಅಕ್ಷರ! ಇವರು ಚಂದ್ರಲೋಕಕ್ಕೆ ಹೇಗೆ ಹೋದರೋ” ಎಂದು ಬೈದು ರಾಯರು ಅದನ್ನು ಕೆರೆದು, ಸ್ಕೆಚ್ ಪೆನ್ನಿನಲ್ಲಿ ದುಂಡಗೆ ಕನ್ನಡದಲ್ಲಿ ಬರೆದರು: ಭಾ, ಸೋ, ಮಂ, ಬು, ಗು, ಶು, ಶ. ಒಂದೊಂದು ಗ್ರಹಕ್ಕೂ ಅದರದೇ ಅಕ್ಷರ. ನನಗೂ ಹೆಮ್ಮೆಯೆನಿಸಿತು.

ಹೆಬ್ಬೆರಳು ಉಜ್ಜಿ ಉಜ್ಜಿ ಶುಕ್ರವಾರದ ಕೊಂಬು ಅಳಿಸಿಹೋಗಿತ್ತು. ಒಂದು ದಿನ ಬೆಳಗ್ಗೆ ಕೈಗೆ ಸಿಕ್ಕಿದ ಪಟ್ಟಿಯ ಮೇಲೆ ‘ಶ’ ಎಂದಿತ್ತು, ರಾಯರಿಗೆ ಶನಿವಾರವಾಯಿತು. ಹಾಲಿಗೆ ಪುಡಿ ಕಲಸಿ ಕುಡಿದರು. ಇವತ್ತು ನನಗೆ ಒಪ್ಪತ್ತು ಎಂದು ಸಾರಿದರು. ವೀಳ್ಯದೆಲೆ ಹಾರ ಹಿಡಿದು ಆಂಜನೇಯನ ಗುಡಿಗೆ ಹೋದರೆ ಅರ್ಚಕರು ಇನ್ನೂ ಹೂ ಬಿಡಿಸುತ್ತ ಕೂತಿದ್ದರು. “ಇವತ್ತು ಶುಕ್ರವಾರ ರಾಯರೇ.” “ಡಬ್ಬಿಯಲ್ಲಿ ಶನಿವಾರ ಇದೆ ಸ್ವಾಮಿ” ಎಂದರಂತೆ ಇವರು. ಮನೆಗೆ ಬಂದು ಪೇಪರು ತೆಗೆದು ನೋಡಿ, ಇತ್ತೀಚೆಗೆ ಪ್ರೂಫು ನೋಡುವವರೇ ಇಲ್ಲ ಎಂದರು. ಒಪ್ಪತ್ತನ್ನೂ ಬಿಡಲಿಲ್ಲ, ರಾತ್ರಿ ಟೀಚರಮ್ಮ ಬಿಸಿಬೇಳೆಬಾತ್ ಬಡಿಸಿಕೊಂಡು ಉಣ್ಣುವಾಗ ಎದುರಿಗೆ ಅವಲಕ್ಕಿ ಅಗಿಯುತ್ತ ಕೂತಿದ್ದರು.

ಮರುದಿನ ನಾನು ಬಾಡಿಗೆ ಕೊಡಲು ಇಳಿದು ಬಂದಾಗ ಟ್ರೇಯಲ್ಲಿ ಉಳಿದಿದ್ದ ಇನ್ನೊಂದು ‘ಶ’ ಎತ್ತಿಕೊಂಡು, ಮತ್ತೊಂದು ಪೊಟ್ಟಣದ ತುದಿಯನ್ನು ಹಲ್ಲಿನಲ್ಲಿ ಕಚ್ಚಿದ್ದರು. ಟೀಚರಮ್ಮ ಪೊಟ್ಟಣವನ್ನು ಬಾಯಿಂದಲೇ ಕಿತ್ತುಕೊಂಡರು. ಎರಡು ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಕನ್ನಡಕ ಏರಿಸಿ ನೋಡಿದರು.

“ಕಾಗುಣಿತ ತಪ್ಪು” ಎಂದರು.

ರಜೆಗೆ ಬಂದಿದ್ದಾಗ ಮೊಮ್ಮಗಳು ಬಿಟ್ಟುಹೋದ ಉಗುರು ಬಣ್ಣದ ಸೀಸೆ ಕಿಟಕಿಯಲ್ಲಿತ್ತು. ಕೆಂಪು. ಅದರ ಕುಂಚ ಅದ್ದಿ, ಸಾವಿರಾರು ನೋಟ್‌ಬುಕ್ಕು ತಿದ್ದಿದ ಕೈ ಒಂದೇ ಎಳೆತಕ್ಕೆ ಶುಕ್ರವಾರಕ್ಕೆ ಕೊಂಬು ಕೊಟ್ಟಿತು. ಉಳಿದ ಪೊಟ್ಟಣಗಳು ಸಾಸಿವೆ ಡಬ್ಬದ ಹಿಂದೆ ಹೋದವು.

“ಮುಟ್ಟಬೇಡಿ, ಹಸಿ ಇದೆ. ಹೊರಗೆ ಹಿಡಿದುಕೊಂಡು ಕೂತ್ಕೊಳ್ಳಿ, ಒಣಗಲಿ.”

ರಾಯರು ಬನಿಯನ್ನಿನಲ್ಲೇ ಹೋಗಿ ಜಗಲಿಯ ಮೇಲೆ ಕೂತರು. ಎರಡು ಕೈಯನ್ನೂ ಮುಂದೆ ಚಾಚಿ, ಅಂಗೈ ಮೇಲೆ ಶುಕ್ರವಾರವನ್ನು ಇಟ್ಟುಕೊಂಡು, ಹತ್ತು ಗಂಟೆಯ ಬಿಸಿಲಿಗೆ ಮುಖ ಕೊಟ್ಟು ಸುಮಾರು ಹೊತ್ತು ಕೂತಿದ್ದರು. ತಲೆನೋವಿನ ಮಾತು ಬರಲಿಲ್ಲ.