ನನ್ನ ಬಿಟ್‌ಕಾಯಿನ್ ಕದಿಯಲು ಹೊರಟಿರುವ ಮಹಾಶಯರಿಗೆ

ಮಾನ್ಯರೇ,

ತಮ್ಮ ಹೆಸರು, ಊರು ಗೊತ್ತಿಲ್ಲದ ಕಾರಣ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯಬೇಕಾಯಿತು. ನನ್ನ ಹೆಸರು, ಊರು, ಮೊಬೈಲ್ ನಂಬರು ತಮ್ಮ ಬಳಿ ಹೇಗೂ ಇವೆ, ಹಾಗಾಗಿ ಪರಿಚಯ ಬೇಕಿಲ್ಲ. ನಾನು ಸ್ವಲ್ಪ ಬಿಟ್‌ಕಾಯಿನ್ ಕೊಂಡ ಸುದ್ದಿ ಮನೆಯವರಿಗಿಂತ ಮೊದಲು ತಮಗೆ ಮುಟ್ಟಿದೆ ಎಂಬುದು ಆಮೇಲೆ ಬರತೊಡಗಿದ ಮೆಸೇಜುಗಳಿಂದ ತಿಳಿಯಿತು. ಇಷ್ಟು ಅಕ್ಕರೆ ತೋರಿಸುವವರನ್ನು ಸುಮ್ಮನೆ ಅಲೆಸುವುದು ತರವಲ್ಲ. ನಾನು ಮಾಡಿಕೊಂಡಿರುವ ಏರ್ಪಾಡುಗಳನ್ನೂ ಅವುಗಳಿಂದ ತಮಗಾಗುವ ತೊಂದರೆಯನ್ನೂ ಮೊದಲೇ ತಿಳಿಸಿ ಕ್ಷಮೆ ಕೇಳಿಬಿಡೋಣವೆಂದು ಕೂತಿದ್ದೇನೆ.

ಮೊದಲಿಗೆ ತಮ್ಮ ಕಸುಬಿನ ಬಗ್ಗೆ ಎರಡು ಮೆಚ್ಚುಗೆಯ ಮಾತು. ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಯಾರೋ ಒಬ್ಬರು, ಅಥವಾ ಕೆಲವರು, 2008ರ ಅಕ್ಟೋಬರ್ 31ರಂದು ಬಿಟ್‌ಕಾಯಿನ್ ಹೇಗಿರಬೇಕೆಂದು ವಿವರಿಸುವ ಒಂಬತ್ತು ಪುಟಗಳ ಪ್ರಬಂಧವೊಂದನ್ನು ಹೊರಗೆ ಬಿಟ್ಟರು. 2009ರ ಜನವರಿ 3ರ ತಾರೀಖು ಹೊತ್ತು ಅದರ ಲೆಕ್ಕದ ಪುಸ್ತಕದ ಮೊದಲ ಹಾಳೆ, ಅಂದರೆ ಮೊದಲ ಬ್ಲಾಕ್, ಹುಟ್ಟಿತು. ಅಲ್ಲಿಂದ ಇಲ್ಲಿಯವರೆಗೆ, ನಾಣ್ಯ ಖರ್ಚುಮಾಡಲು ಬೇಕಾದ, ಸರಿಯಾಗಿ ತಯಾರಾದ 256 ಬಿಟ್‌ಗಳ ಖಾಸಗಿ ಕೀಲಿಯೊಂದನ್ನು ಲೆಕ್ಕ ಹಾಕಿ ಕಂಡುಹಿಡಿದ ದಾಖಲೆಯಿಲ್ಲ. ಆದರೂ ತಮ್ಮ ವ್ಯಾಪಾರ ಭರ್ಜರಿಯಾಗಿದೆ. ಬೀಗದ ತಂಟೆಗೇ ಹೋಗದಿರುವುದು ಇದರ ಗುಟ್ಟು. ತಾವು ನೇರವಾಗಿ ಕೀಲಿ ಇಟ್ಟುಕೊಂಡವನ ಬಳಿ ಬಂದು, ಅವನ ಆಸೆ, ಸೋಮಾರಿತನ, ಆತುರ, ನಾಚಿಕೆ ಈ ನಾಲ್ಕರಲ್ಲಿ ಯಾವುದು ಸಡಿಲವಾಗಿದೆ ಎಂದು ನೋಡುತ್ತೀರಿ. ನನ್ನಲ್ಲಿ ನಾಲ್ಕೂ ಯಥೇಚ್ಛವಾಗಿವೆ. ಅದಕ್ಕೇ ಒಂದೊಂದಾಗಿ ಲೆಕ್ಕ ಒಪ್ಪಿಸುತ್ತೇನೆ.

ಮೊದಲು ಆಸೆ. 2020ರ ಜುಲೈ 15ರಂದು ಬರಾಕ್ ಒಬಾಮಾ, ಇಲಾನ್ ಮಸ್ಕ್ ಮುಂತಾದವರ ಟ್ವಿಟರ್ ಖಾತೆಗಳೊಳಗೆ ನುಗ್ಗಿ, ಬಿಟ್‌ಕಾಯಿನ್ ಕಳಿಸಿದರೆ ದುಪ್ಪಟ್ಟು ವಾಪಸ್ ಎಂದು ಸಾರಿದ ತಮ್ಮವರಿಗೆ ಕೆಲವೇ ಗಂಟೆಗಳಲ್ಲಿ ಒಂದು ಲಕ್ಷ ಡಾಲರಿಗೂ ಮೀರಿ ಬಂದು ಬಿತ್ತು. ನಮ್ಮ ದೇಶದಲ್ಲೂ ಪ್ರತಿಭೆಗೆ ಕೊರತೆಯಿಲ್ಲ. ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆ ತಿಂಗಳಿಗೆ ಶೇ. 10ರಂತೆ 18 ತಿಂಗಳು ಕೊಡುವುದಾಗಿ ಹೇಳಿ ಸಾವಿರಾರು ಜನರನ್ನು ಮುಳುಗಿಸಿತು. 2018ರಲ್ಲಿ ಅದರ ಸೂತ್ರಧಾರನ ಬಂಧನವೂ ಆಯಿತು. ಕನ್ನಡಿಗರ ಮೇಲಂತೂ ತಮಗೆ ವಿಶೇಷ ಅಭಿಮಾನ. ಇನ್ಫೊಸಿಸ್‌ನ ನಾರಾಯಣ ಮೂರ್ತಿಯವರ ಮುಖವನ್ನೂ ದನಿಯನ್ನೂ ಕಂಪ್ಯೂಟರಿನಲ್ಲಿ ಬೇಯಿಸಿ ಟ್ರೇಡಿಂಗ್ ಆ್ಯಪ್‌ಗಳ ಜಾಹೀರಾತಿನಲ್ಲಿ ಬಡಿಸಿದಿರಿ. ಬಿಟ್‌ಕಾಯಿನ್ ಹೆಸರು ಅಂಟಿಸಿಕೊಂಡ ಆ ಟ್ರೇಡಿಂಗ್ ಆ್ಯಪ್‌ಗಳಿಗೂ ತನಗೂ ಸಂಬಂಧವಿಲ್ಲ, ನಂಬಬೇಡಿ ಎಂದು 2023ರ ಡಿಸೆಂಬರಿನಲ್ಲಿ ಅವರೇ ಬಾಯಿಬಿಟ್ಟು ಹೇಳಬೇಕಾಯಿತು.

ನನ್ನ ತಕರಾರು ಇಷ್ಟೇ: ಬಿಟ್‌ಕಾಯಿನ್‌ನಲ್ಲಿ ಹುಟ್ಟುವ ನಾಣ್ಯಗಳ ಒಟ್ಟು ಸಂಖ್ಯೆ 2.1 ಕೋಟಿ ದಾಟುವಂತಿಲ್ಲ, ಹೊಸ ನಾಣ್ಯ ಹುಟ್ಟುವ ವೇಗ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತದೆ, 2024ರ ಏಪ್ರಿಲ್‌ನಿಂದ ಬ್ಲಾಕಿಗೆ 3.125 ಮಾತ್ರ. ಈ ನಿಯಮಾವಳಿಯಲ್ಲಿ ಸುಮ್ಮನೆ ಕೂತವನಿಗೆ ಬಡ್ಡಿ ಕೊಡುವ ಸಾಲು ಎಲ್ಲಿಯೂ ಇಲ್ಲ. ನನ್ನ ವಾಲೆಟ್ಟಿನಲ್ಲಿ ಇಟ್ಟದ್ದು ಇಟ್ಟಷ್ಟೇ ಇರುತ್ತದೆ. ಬೆಲೆ ಏರಬಹುದು, ಅರ್ಧಕ್ಕೂ ಇಳಿಯಬಹುದು. ಆದ್ದರಿಂದ ಖಾತರಿ ಲಾಭ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಂಬರ್ ಬ್ಲಾಕ್ ಮಾಡುವ ಒರಟುತನ ಕಲಿತಿದ್ದೇನೆ. ಮನೆ ಸಾಲದ ಕಂತಿನ ಹಣವನ್ನೂ ಮಕ್ಕಳ ಫೀಜನ್ನೂ ಈ ಕಡೆ ತಂದಿಲ್ಲ. ತಮಗೆ ಸಿಗಬಹುದಾದ ಗಂಟೇ ಚಿಕ್ಕದು, ದಯವಿಟ್ಟು ಬೇಸರಿಸಬಾರದು.

ಇನ್ನು ಸೋಮಾರಿತನ. ಕೊಂಡದ್ದನ್ನು ಕೊಂಡ ಎಕ್ಸ್‌ಚೇಂಜಿನಲ್ಲೇ ಬಿಡುವಷ್ಟು ಸುಖ ಬೇರೆಯಿಲ್ಲ. ಆ್ಯಪ್ ತೆರೆದರೆ ಅಂಕಿ ಕಾಣುತ್ತದೆ, ಹಸಿರಾದರೆ ಖುಷಿ, ಕೆಂಪಾದರೆ ಸಂಕಟ. ಆ ಅಂಕಿ ಮಾತ್ರ ನನ್ನದು, ಕೀಲಿ ಅವರದು. ಟೋಕಿಯೊದ ಮೌಂಟ್ ಗಾಕ್ಸ್ ಎಂಬ ಎಕ್ಸ್‌ಚೇಂಜ್ 2014ರ ಫೆಬ್ರವರಿಯಲ್ಲಿ ಬಾಗಿಲು ಹಾಕಿದಾಗ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿದ್ದವು. 2 ಲಕ್ಷ ಆಮೇಲೆ ಹಳೆಯ ವಾಲೆಟ್ಟೊಂದರಲ್ಲಿ ಸಿಕ್ಕವು. ಕೆನಡಾದ ಕ್ವಾಡ್ರಿಗಾ ಎಂಬ ಎಕ್ಸ್‌ಚೇಂಜಿನ ಮಾಲೀಕ 2018ರ ಡಿಸೆಂಬರಿನಲ್ಲಿ ನಮ್ಮ ಜೈಪುರದಲ್ಲಿ ತೀರಿಕೊಂಡಾಗ ಕೀಲಿಗಳೂ ಅವನೊಂದಿಗೇ ಹೋದವು ಎಂದರು. ಹುಡುಕಿ ನೋಡಿದರೆ ಖಜಾನೆಯೇ ಖಾಲಿ. ಗ್ರಾಹಕರ ಹಣವನ್ನು ಅವನು ಬದುಕಿರುವಾಗಲೇ ಮುಗಿಸಿದ್ದ. 2024ರ ಜುಲೈ 18ರಂದು ನಮ್ಮ ದೇಶದ ಎಕ್ಸ್‌ಚೇಂಜಾದ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೊ ಹೋಯಿತು. ಕಳುವಾದದ್ದು ಹೆಚ್ಚಾಗಿ ಬೇರೆ ನಾಣ್ಯಗಳು, ಆದರೆ ಬಿಟ್‌ಕಾಯಿನ್ ಇಟ್ಟಿದ್ದವರೂ ತಿಂಗಳುಗಟ್ಟಲೆ ಬಾಗಿಲು ಕಾಯಬೇಕಾಯಿತು.

ಹೀಗಾಗಿ, ವಹಿವಾಟಿಗೆ ಬೇಕಾದಷ್ಟನ್ನು ಮಾತ್ರ ಎಕ್ಸ್‌ಚೇಂಜಿನಲ್ಲಿ ಬಿಟ್ಟು ಉಳಿದದ್ದನ್ನು, ಕೀಲಿಯನ್ನು ತನ್ನೊಳಗೇ ಇಟ್ಟುಕೊಳ್ಳುವ ಪುಟ್ಟ ಸಾಧನವಾದ ಹಾರ್ಡ್‌ವೇರ್ ವಾಲೆಟ್ಟಿಗೆ ಸಾಗಿಸಿದ್ದೇನೆ. ಸಾಧನವನ್ನು ತಯಾರಕರಿಂದಲೇ ನೇರವಾಗಿ ತರಿಸಿದೆ. ಅಂಥ ಸಾಧನ ಮಾಡುವ ಲೆಡ್ಜರ್ ಕಂಪನಿಯ ಗ್ರಾಹಕರ ವಿಳಾಸಗಳು 2020ರಲ್ಲಿ ಸೋರಿಕೆಯಾದ ಮೇಲೆ ತಾವು ಅವರ ಮನೆಗಳಿಗೆ ಅಂಚೆಯಲ್ಲಿ ನಕಲಿ ಸಾಧನಗಳನ್ನು ಉಚಿತವಾಗಿ ಕಳಿಸಿಕೊಟ್ಟ ದಾನಬುದ್ಧಿ ನೆನಪಿದೆ. ಕೀಲಿಯನ್ನು ಮತ್ತೆ ಪಡೆಯಲೆಂದು ಸಾಧನ ಕೊಟ್ಟ ಹನ್ನೆರಡು ಪದಗಳನ್ನು ಸ್ಪೆಲಿಂಗ್ ತಪ್ಪದಂತೆ, ಸರದಿ ತಪ್ಪದಂತೆ ಕಾಗದದ ಮೇಲೆ ಬರೆದಿದ್ದೇನೆ. ಫೋಟೊ ತೆಗೆದಿಲ್ಲ, ನನಗೇ ವಾಟ್ಸ್‌ಆ್ಯಪ್ ಮಾಡಿಕೊಂಡಿಲ್ಲ, ಡ್ರೈವ್‌ನಲ್ಲಿ ಇಟ್ಟಿಲ್ಲ. ದೊಡ್ಡ ಮೊತ್ತ ತುಂಬುವ ಮೊದಲು ವಾಲೆಟ್ ಅಳಿಸಿ, ಬರೆದ ಪದಗಳಿಂದಲೇ ಮತ್ತೆ ತೆರೆದು ನೋಡಿದೆ. ಎರಡನೇ ಪ್ರತಿ ಬೇರೊಂದು ಊರಿನಲ್ಲಿದೆ. ನಾನು ಹಠಾತ್ತನೆ ಹೋದರೆ ಅದನ್ನು ಏನು ಮಾಡಬೇಕೆಂದು ಹೆಂಡತಿಗೆ ಗೊತ್ತಿದೆ. ತಮ್ಮ "ಕಸ್ಟಮರ್ ಕೇರ್" ಹುಡುಗಿ ಫೋನ್ ಮಾಡಿ ಆ ಪದಗಳನ್ನು ಕೇಳಿದಾಗ ನನ್ನವಳು ಕೊಟ್ಟ ಉತ್ತರಕ್ಕೆ ನಾನು ಹೊಣೆಯಲ್ಲ.

ಮೂರನೆಯದು ಆತುರ, ತಮ್ಮ ಅನ್ನದಾತ. ಬ್ಯಾಂಕಿನಲ್ಲಾದರೆ ತಪ್ಪು ಖಾತೆಗೆ ಹೋದ ಹಣಕ್ಕೆ ಅರ್ಜಿ ಬರೆದು ಮ್ಯಾನೇಜರರ ಮೇಜಿನ ಮುಂದೆ ನಿಲ್ಲಬಹುದು. ಇಲ್ಲಿ ಮ್ಯಾನೇಜರೂ ನಾನೇ, ಕ್ಯಾಷಿಯರೂ ನಾನೇ, ರಾತ್ರಿ ಕಾವಲುಗಾರನೂ ನಾನೇ. ಬ್ಲಾಕಿಗೆ ಸೇರಿದ ವ್ಯವಹಾರವನ್ನು ಹಿಂದಕ್ಕೆ ಕರೆಯುವವರು ಯಾರೂ ಇಲ್ಲ. ನಾನು ಕಾಪಿ ಮಾಡಿದ ವಿಳಾಸವನ್ನು ಪೇಸ್ಟ್ ಮಾಡುವಷ್ಟರಲ್ಲಿ ತಮ್ಮ ವಿಳಾಸವಾಗಿ ಬದಲಿಸುವ ತಂತ್ರಾಂಶ ತಮ್ಮಲ್ಲಿದೆಯೆಂದು ಬಲ್ಲೆ. ಅದಕ್ಕಾಗಿ ವಿಳಾಸವನ್ನು ಸಾಧನದ ಪುಟ್ಟ ಪರದೆಯ ಮೇಲೆ ಮೊದಲಕ್ಷರದಿಂದ ಕೊನೆಯವರೆಗೂ ಓದುತ್ತೇನೆ. ಹೊಸ ವಿಳಾಸಕ್ಕೆ ಮೊದಲು ಚಿಲ್ಲರೆ ಕಳಿಸಿ, ಅದು ಮುಟ್ಟಿದ್ದು ಖಚಿತವಾದ ಮೇಲೆ ಉಳಿದದ್ದು.

ನನಗೆ ಬರಬೇಕಾದ ಹಣದ ವಿಷಯದಲ್ಲೂ ಅಷ್ಟೇ. ಸ್ಕ್ರೀನ್‌ಶಾಟ್ ತೋರಿಸಿದರೆ ಸಾಲದು. ಬ್ಲಾಕಿಗೆ ಸೇರದ ವ್ಯವಹಾರವನ್ನು ಹೆಚ್ಚು ಶುಲ್ಕ ಕೊಟ್ಟು ಬೇರೆಡೆಗೆ ತಿರುಗಿಸಬಹುದಾದ್ದರಿಂದ, ಸಣ್ಣ ಮೊತ್ತಕ್ಕೆ ಒಂದು ಬ್ಲಾಕಿನ ದೃಢೀಕರಣ, ದೊಡ್ಡದಕ್ಕೆ ಆರು ಬ್ಲಾಕುಗಳದ್ದು. ಬ್ಲಾಕಿಗೆ ಸರಾಸರಿ ಹತ್ತು ನಿಮಿಷವೆಂದರೆ ಸುಮಾರು ಒಂದು ಗಂಟೆ. ಅಷ್ಟು ಹೊತ್ತು ಕಾಯುವ ತಾಳ್ಮೆ ತಮಗೆ ಇರುವುದಿಲ್ಲ, ಗೊತ್ತು. ಶುಲ್ಕ ನಿಂತಿರುವುದು ಮೊತ್ತದ ಮೇಲಲ್ಲ, ವ್ಯವಹಾರ ಬ್ಲಾಕಿನಲ್ಲಿ ಎಷ್ಟು ಜಾಗ ತಿನ್ನುತ್ತದೆ, ಆ ಹೊತ್ತಿನಲ್ಲಿ ಎಷ್ಟು ನೂಕುನುಗ್ಗಲಿದೆ ಎಂಬುದರ ಮೇಲೆ. ಅವಸರವಿಲ್ಲದಾಗ ಸಂದಣಿ ಕಡಿಮೆಯಾಗುವವರೆಗೆ ಕಾಯುತ್ತೇನೆ. ತೀರಾ ಸಣ್ಣ ಪಾವತಿಗೆ, ಬ್ಲಾಕಿಗಾಗಿ ಕಾಯಬೇಕಿಲ್ಲದ ಲೈಟ್ನಿಂಗ್ ಜಾಲದ ದಾರಿಯಿದೆ.

ಅಪರಿಚಿತರಿಂದ ನೇರವಾಗಿ ಕೊಳ್ಳುವ, ಅವರಿಗೆ ಮಾರುವ ಪಿ2ಪಿ ವಹಿವಾಟಿಗೆ ಬನ್ನಿ ಎಂದು ತಾವು ಮಾರುಕಟ್ಟೆಗಿಂತ ಒಳ್ಳೆಯ ದರ ಹೇಳಿದ್ದಿರಿ. ಆ ಉದಾರತೆಯ ಹಿಂದಿನ ಲೆಕ್ಕ ಇದು: ಬೇರೆ ಯಾರನ್ನೋ ವಂಚಿಸಿದ ಹಣ ನನ್ನ ಬ್ಯಾಂಕ್ ಖಾತೆಗೆ, ನನ್ನ ಬಿಟ್‌ಕಾಯಿನ್ ತಮಗೆ, ಕೆಲವು ದಿನದ ಮೇಲೆ ಯಾವುದೋ ರಾಜ್ಯದ ಸೈಬರ್ ಪೊಲೀಸರ ಪತ್ರ ಬಂದು ಖಾತೆ ಫ್ರೀಜ್ ಆಗುವುದು ನನ್ನದು. ಹಾಗಾಗಿ ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಂಡ ಎಕ್ಸ್‌ಚೇಂಜ್ ಬಿಟ್ಟು ಬೇರೆಡೆ ಕೊಳ್ಳುವುದಿಲ್ಲ, ಮಾರುವುದಿಲ್ಲ.

ಇಲ್ಲಿ ಸರ್ಕಾರದ ಬಗ್ಗೆಯೂ ಹೇಳಬೇಕು. ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕುಗಳ ಬಾಗಿಲು ಮುಚ್ಚಿಸಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದುಮಾಡಿತು. ಆ ನಡುವೆ ಬೆಂಗಳೂರಿನ ಮಾಲೊಂದರಲ್ಲಿ ತುಮಕೂರು ಮೂಲದ ಯುನೊಕಾಯಿನ್ ಎಂಬ ಎಕ್ಸ್‌ಚೇಂಜ್ ಇಟ್ಟಿದ್ದ ಕ್ರಿಪ್ಟೊ ಎಟಿಎಂ ಯಂತ್ರವನ್ನು ಪೊಲೀಸರು ಹೊತ್ತೊಯ್ದದ್ದೂ ಆಯಿತು. 2022ರ ಬಜೆಟ್ಟಿನಿಂದ ಹೊಸ ಪರಿ: ಲಾಭದ ಮೇಲೆ ಶೇ. 30 ತೆರಿಗೆ ಮತ್ತು ಸೆಸ್, ಮಾರಾಟದ ಮೊತ್ತದಲ್ಲಿ ಶೇ. 1 ಟಿಡಿಎಸ್, ಒಂದು ನಾಣ್ಯದಲ್ಲಿ ಕಳೆದದ್ದನ್ನು ಇನ್ನೊಂದರ ಗಳಿಕೆಗೆ ಹೊಂದಿಸುವಂತಿಲ್ಲ. ಬಿಟ್‌ಕಾಯಿನ್ ಕೊಟ್ಟು ಕಾಫಿ ಕುಡಿದರೂ ತೆರಿಗೆಯ ಲೆಕ್ಕದಲ್ಲಿ ಅದು ವರ್ಗಾವಣೆಯೇ. ಕೊಂಡ ದಿನ, ಬೆಲೆ, ಮಾರಿದ ಬೆಲೆ, ಕಡಿತವಾದ ಟಿಡಿಎಸ್ ಎಲ್ಲ ಬರೆದಿಟ್ಟಿದ್ದೇನೆ. ತಮ್ಮ ಸರದಿ ಏನಿದ್ದರೂ ಇವರ ನಂತರ.

ನಮ್ಮ ಅಕ್ಕನ ಮಗನ ಮೇಲೂ ತಾವು ಕಣ್ಣಿಟ್ಟಿರಬಹುದು. ಬೆಂಗಳೂರಿನಲ್ಲಿ ಪ್ರೋಗ್ರಾಮರ್, ಬಿಟ್‌ಕಾಯಿನ್ ಪಾವತಿ ಸ್ವೀಕರಿಸುವ ತಂತ್ರಾಂಶ ಬರೆಯುತ್ತಿದ್ದಾನೆ. ಅವನಿಂದಲೂ ನಿರಾಸೆಯೇ ಕಾದಿದೆ. ಮೊದಲು ತನ್ನ ಲ್ಯಾಪ್‌ಟಾಪಿನೊಳಗೇ ರೆಗ್‌ಟೆಸ್ಟ್ ಎಂಬ ಆಟದ ಜಾಲದಲ್ಲಿ, ಆಮೇಲೆ ಕಾಸಿನ ಬೆಲೆಯಿಲ್ಲದ ನಾಣ್ಯಗಳ ಸಿಗ್ನೆಟ್‌ನಲ್ಲಿ ಓಡಿಸಿ ನೋಡಿದ ಮೇಲೆಯೇ ನಿಜವಾದ ಜಾಲ. ಮೊತ್ತಗಳನ್ನು ದಶಮಾಂಶದಲ್ಲಿ ಇಡದೆ ಪೂರ್ಣಾಂಕದ ಸತೋಶಿಗಳಲ್ಲಿ ಇಡುತ್ತಾನೆ. ಒಂದು ಬಿಟ್‌ಕಾಯಿನ್‌ಗೆ 10 ಕೋಟಿ ಸತೋಶಿ. ಶುಲ್ಕಕ್ಕೆ ಗರಿಷ್ಠ ಮಿತಿ ಹಾಕಿದ್ದಾನೆ, ಏಕೆಂದರೆ 2023ರ ಸೆಪ್ಟೆಂಬರಿನಲ್ಲಿ ಪ್ಯಾಕ್ಸೋಸ್ ಎಂಬ ಕಂಪನಿಯ ತಂತ್ರಾಂಶ ಸುಮಾರು 2 ಸಾವಿರ ಡಾಲರ್ ಕಳಿಸಲು ಸುಮಾರು 5 ಲಕ್ಷ ಡಾಲರ್ ಶುಲ್ಕ ತೆತ್ತಿತ್ತು. ಆ ವ್ಯವಹಾರವನ್ನು ಬ್ಲಾಕಿಗೆ ಸೇರಿಸಿದ ಗಣಿಗಾರರು ಒಳ್ಳೆಯವರು, ಹಿಂತಿರುಗಿಸಿದರು.

ಕೀಲಿ ಹುಟ್ಟಿಸುವ ಯಾದೃಚ್ಛಿಕ ಸಂಖ್ಯೆಯ ವಿಷಯದಲ್ಲಿ ಅವನದು ಮಡಿವಂತಿಕೆ. 2013ರ ಆಗಸ್ಟಿನಲ್ಲಿ ಆಂಡ್ರಾಯ್ಡ್ ವಾಲೆಟ್ಟುಗಳು ಬರಿದಾದದ್ದು ಆ ಸಂಖ್ಯೆಯ ದೋಷದಿಂದ. 2023ರಲ್ಲಿ ಬಿಟ್‌ಕಾಯಿನ್ ತಂತ್ರಾಂಶವಾದ ಲಿಬ್‌ಬಿಟ್‌ಕಾಯಿನ್‌ನ ಒಂದು ಉಪಕರಣ 256 ಬಿಟ್ ಕೇಳಿದರೂ 32 ಬಿಟ್‌ಗಳ ಬಲದಲ್ಲಿ ಕೀಲಿ ಹುಟ್ಟಿಸುತ್ತಿತ್ತೆಂದು ಬಯಲಾಯಿತು. ಅಂದರೆ ಸುಮಾರು 429 ಕೋಟಿ ಸಾಧ್ಯತೆ, ಕಂಪ್ಯೂಟರಿಗೆ ಅದೇನು ಮಹಾ ಲೆಕ್ಕ! ಬೇರೆಯವರು ಬರೆದ ಲೈಬ್ರರಿಗಳನ್ನೂ ಕಣ್ಣುಮುಚ್ಚಿ ತರುವುದಿಲ್ಲ. 2018ರಲ್ಲಿ ಇವೆಂಟ್-ಸ್ಟ್ರೀಮ್ ಎಂಬ ಜನಪ್ರಿಯ ಲೈಬ್ರರಿಯನ್ನು ನೋಡಿಕೊಳ್ಳುತ್ತೇನೆಂದು ಬಂದ ಸಜ್ಜನನೊಬ್ಬ ಅದರೊಳಗೆ ಕೋಪೇ ವಾಲೆಟ್ಟಿನ ಕೀಲಿ ಕದಿಯುವ ಕೋಡ್ ಇಟ್ಟಿದ್ದ. ತಮ್ಮ ಪರಿಚಯದವನೇ ಇರಬೇಕು.

ಉಳಿದದ್ದು ನಾಚಿಕೆ. ಓದಿದವನು, ಲೆಕ್ಕ ಬಲ್ಲವನು ಮೋಸ ಹೋದರೆ ಹೆಂಡತಿಗೂ ಹೇಳುವುದಿಲ್ಲ. ಅವನ ಮೌನದಲ್ಲೇ ತಮ್ಮ ಮುಂದಿನ ಬೇಟೆ ಸಿದ್ಧವಾಗುತ್ತದೆ. ಮೂರು ವಾರ ಬಿಟ್ಟು "ನಿಮ್ಮ ಕಳೆದ ಬಿಟ್‌ಕಾಯಿನ್ ವಾಪಸ್ ಕೊಡಿಸುತ್ತೇವೆ, ಮುಂಗಡ ಶುಲ್ಕ ಕಳಿಸಿ" ಎಂದು ತಾವೇ ಇನ್ನೊಂದು ವೇಷದಲ್ಲಿ ಬರುತ್ತೀರಿ. ನಾಲ್ಕರಲ್ಲಿ ಇದೊಂದಕ್ಕೆ ಮಾತ್ರ ಯಾವ ಸಾಧನವೂ ಇಲ್ಲ. ಬಾಯಿ ಬಿಡುವುದೊಂದೇ ದಾರಿ. ಏನಾದರೂ ಆದರೆ ಮೊದಲ ಗಂಟೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್, ಎಕ್ಸ್‌ಚೇಂಜಿಗೆ ವ್ಯವಹಾರದ ಸಂಖ್ಯೆ, ಪೊಲೀಸರಿಗೆ ದೂರು, ಬಂಧುಬಳಗಕ್ಕೆ ಎಚ್ಚರಿಕೆ ಎಂದು ಮನೆಯಲ್ಲಿ ಮಾತಾಗಿದೆ. ಹಣ ಮರಳುವ ಭರವಸೆ ಇಟ್ಟುಕೊಂಡಿಲ್ಲ. ಆದರೆ ಹಣ ರೂಪಾಯಿಯಾಗಿ ಎಕ್ಸ್‌ಚೇಂಜಿನಿಂದ ಹೊರಬೀಳುವ ಮೊದಲು ಸುದ್ದಿ ಮುಟ್ಟಿದರೆ ತಡೆಯುವ ಅವಕಾಶ ಇರುತ್ತದೆ.

ಕೊನೆಗೆ, ಇಷ್ಟೊಂದು ತೊಂದರೆ ಕೊಟ್ಟದ್ದಕ್ಕೆ ಪ್ರತಿಯಾಗಿ ತಮಗೂ ಒಂದು ಹಿತವಚನ. ಕದ್ದ ಬಿಟ್‌ಕಾಯಿನ್ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಲೋಕದ ಯಾವನಾದರೂ ನೋಡಬಹುದು. ಆ ಲೆಕ್ಕದ ಪುಸ್ತಕದ ಹಾಳೆ ಹರಿಯಲು ಬರುವುದಿಲ್ಲ. 2016ರ ಆಗಸ್ಟಿನಲ್ಲಿ ಎಕ್ಸ್‌ಚೇಂಜೊಂದಾದ ಬಿಟ್‌ಫಿನೆಕ್ಸ್‌ನಿಂದ 1,19,756 ಬಿಟ್‌ಕಾಯಿನ್ ಕಳುವಾದವು. ಐದೂವರೆ ವರ್ಷದ ಮೇಲೆ, 2022ರ ಫೆಬ್ರವರಿಯಲ್ಲಿ, ನ್ಯೂಯಾರ್ಕಿನ ದಂಪತಿಯನ್ನು ಹಿಡಿದರು. ಕೀಲಿಗಳು ಸಿಕ್ಕಿದ್ದು ಎಲ್ಲಿ ಗೊತ್ತೇ? ಕಳ್ಳ ಮಹಾಶಯರೇ ಕ್ಲೌಡ್‌ನಲ್ಲಿ ಇಟ್ಟುಕೊಂಡಿದ್ದ ಕಡತದಲ್ಲಿ. ಸೋಮಾರಿತನ ನನ್ನೊಬ್ಬನ ಸೊತ್ತಲ್ಲ ಎಂದು ತಿಳಿದು ನನಗೆ ಬಹಳ ಸಮಾಧಾನವಾಯಿತು.

ಉತ್ತರ ಬರೆಯುವ ಮನಸ್ಸಾದರೆ ಅಂಚೆ ಕಾರ್ಡಿನಲ್ಲಿ ಬರೆಯಿರಿ. ಲಿಂಕ್ ಕಳಿಸಿದರೆ ಒತ್ತುವುದಿಲ್ಲ.

ಇಂತಿ,
ತಮ್ಮ ನಂಬಿಕೆಗೆ ಅರ್ಹನಾಗಲಾರದ,
ಒಬ್ಬ ಸಣ್ಣ ಹಿಡುವಳಿದಾರ